ಅಂಗಡಿಯಲ್ಲಿ ಅಂದ, ಮನೆಯಲ್ಲಿ ಅಡ್ಡ

ಹಬ್ಬಗಳ ಸಾಲು ಶುರುವಾಗುವ ಹೊತ್ತಿಗೆ ಮೈಸೂರಿನ ಯಾವ ಬಡಾವಣೆಯಲ್ಲಾದರೂ ಕಾಣಬಹುದಾದ ದೃಶ್ಯ ಇದು. ಮನೆಯ ಮುಂದೆ ಲಗೇಜ್ ಆಟೋ ಬಂದು ನಿಲ್ಲುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹೊದ್ದ ಮೂರು ಜನರ ಸೋಫಾ, ಅದರ ಜೊತೆಗೆ ಎರಡು ಒಂಟಿ ಸೋಫಾ. ಗೇಟು ದಾಟಿದ ಸೋಫಾ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಡ್ಡ ಹಿಡಿಯುತ್ತಾರೆ, ಉದ್ದ ಹಿಡಿಯುತ್ತಾರೆ, ನಿಲ್ಲಿಸಿ ತಿರುಗಿಸುತ್ತಾರೆ. ಬಾಗಿಲ ಚೌಕಟ್ಟಿನ ಬಣ್ಣ ಒಂದಿಷ್ಟು ಕಿತ್ತು ಬಂದ ಮೇಲೆ ಸೋಫಾ ಒಳಗೆ ಹೋಗುತ್ತದೆ. ಮನೆಯವರಿಗೆಲ್ಲ ಸಂಭ್ರಮ.

ಸಂಜೆಯ ಹೊತ್ತಿಗೆ ಒಂದೊಂದೇ ತೊಂದರೆ ಗೊತ್ತಾಗುತ್ತದೆ. ತಾತ ಅದರಲ್ಲಿ ಕೂತರೆ ಯಾರಾದರೂ ಕೈಹಿಡಿದು ಎಬ್ಬಿಸಬೇಕು. ಒಂಬತ್ತನೇ ತರಗತಿಯ ಮಗಳು ಚಾಪೆ ಹಾಸಿಕೊಂಡು ಓದುತ್ತಿದ್ದ ಜಾಗವನ್ನು ಟೀಪಾಯಿ ಆಕ್ರಮಿಸಿದೆ. ಕಾಫಿ ತರುವ ಅಮ್ಮ ತಟ್ಟೆಯನ್ನು ಎತ್ತಿ ಹಿಡಿದು ಅಡ್ಡಡ್ಡ ನಡೆಯಬೇಕು. ನವರಾತ್ರಿಗೆ ಬೊಂಬೆ ಕೂರಿಸುವ ಮೂಲೆಯೂ ಹೋಯಿತು. ಕಂತು ಕಟ್ಟುವುದು ಮಾತ್ರ ಇನ್ನೂ ಹದಿನೆಂಟು ತಿಂಗಳಿದೆ.

ಇಂಥ ಮನೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ತಪ್ಪು ಯಾರದು? ಅಂಗಡಿಯವರು ಸುಳ್ಳು ಹೇಳಲಿಲ್ಲ. ಸೋಫಾ ಗಟ್ಟಿಯಾಗಿಯೇ ಇದೆ. ಅಪ್ಪ ದುಂದು ಮಾಡಲಿಲ್ಲ. ನಾಲ್ಕು ಅಂಗಡಿ ಸುತ್ತಿ ಬೆಲೆ ವಿಚಾರಿಸಿಯೇ ಕೊಂಡರು. ವಿಚಾರಿಸದೆ ಬಿಟ್ಟಿದ್ದು ಒಂದನ್ನೇ: ಅಳತೆ. ನೂರೈವತ್ತು ರೂಪಾಯಿಯ ಟೇಪೊಂದು ಸಾವಿರಾರು ರೂಪಾಯಿ ಉಳಿಸುತ್ತಿತ್ತು.

ಕಣ್ಣು ಮಾಡುವ ಮೋಸ

ಮಳಿಗೆಯಲ್ಲಿ ಮುದ್ದಾಗಿ, ಚಿಕ್ಕದಾಗಿ ಕಂಡ ಸೋಫಾ ಮನೆಗೆ ಬಂದ ಕೂಡಲೇ ಬೆಳೆದುಬಿಟ್ಟಂತೆ ಕಾಣುವುದೇಕೆ? ನಮ್ಮ ಕಣ್ಣು ವಸ್ತುವಿನ ಗಾತ್ರವನ್ನು ಒಂಟಿಯಾಗಿ ಅಳೆಯುವುದಿಲ್ಲ. ಅಕ್ಕಪಕ್ಕದ ವಸ್ತುಗಳೊಡನೆ ಹೋಲಿಸಿ ಅಳೆಯುತ್ತದೆ. ಒಂದು ಕಾಗದದ ಮೇಲೆ ಎರಡು ಒಂದೇ ಗಾತ್ರದ ವೃತ್ತ ಬರೆಯಿರಿ. ಒಂದರ ಸುತ್ತ ದೊಡ್ಡ ವೃತ್ತಗಳನ್ನೂ ಇನ್ನೊಂದರ ಸುತ್ತ ಪುಟ್ಟ ವೃತ್ತಗಳನ್ನೂ ಬರೆದರೆ ಮೊದಲನೆಯದು ಚಿಕ್ಕದಾಗಿಯೂ ಎರಡನೆಯದು ದೊಡ್ಡದಾಗಿಯೂ ಕಾಣುತ್ತದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ ಹೆಸರಿನಲ್ಲಿ ಪ್ರಸಿದ್ಧವಾದ ದೃಷ್ಟಿಭ್ರಮೆ ಇದು. ಮಳಿಗೆಯ ಎತ್ತರದ ಸೂರು, ವಿಶಾಲವಾದ ನೆಲ, ಇನ್ನೂ ದೊಡ್ಡ ಸೋಫಾಗಳು ದೊಡ್ಡ ವೃತ್ತಗಳಿದ್ದಂತೆ. ನಮ್ಮ ಹಾಲು ಪುಟ್ಟ ವೃತ್ತಗಳಿದ್ದಂತೆ.

ಮೈಸೂರಿಗರಿಗೆ ಇದನ್ನು ಅರಿಯಲು ಕಾಗದವೂ ಬೇಡ, ಅರಮನೆಯೇ ಇದೆ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಿ 1912ರಲ್ಲಿ ಮುಗಿಸಿದ ಈ ಅರಮನೆಯ ಉದ್ದ 245 ಅಡಿ, ಅಗಲ 156 ಅಡಿ, ಗೋಪುರದ ತುದಿಯವರೆಗಿನ ಎತ್ತರ 145 ಅಡಿ. ಅದರ ದರ್ಬಾರು ಹಾಲಿನ ಕಂಬಗಳ ನಡುವೆ ನಮ್ಮ ಆರೂವರೆ ಅಡಿಯ ಸೋಫಾ ಇಟ್ಟರೆ ಬೆಂಕಿಪೊಟ್ಟಣದಂತೆ ಕಂಡೀತು. ಅರಮನೆಗೆ ಒಪ್ಪುವ ಕೆತ್ತನೆಯ ದಪ್ಪ ಕಾಲುಗಳ ಕುರ್ಚಿಯನ್ನು ಹತ್ತು ಅಡಿಯ ಕೋಣೆಗೆ ತಂದರೆ ಕುರ್ಚಿಯೇ ಮನೆಯ ಯಜಮಾನನಾಗುತ್ತದೆ. ಅಂದ ಎಂಬುದು ವಸ್ತುವಿನಲ್ಲಿ ಮಾತ್ರ ಇಲ್ಲ, ವಸ್ತುವಿಗೂ ಜಾಗಕ್ಕೂ ಇರುವ ಸಂಬಂಧದಲ್ಲಿಯೂ ಇದೆ.

ಮೂವತ್ತು ನಲವತ್ತರ ಲೆಕ್ಕ

1903ರಲ್ಲಿ ಸ್ಥಾಪನೆಯಾದ ಮೈಸೂರು ನಗರ ಸುಧಾರಣಾ ಟ್ರಸ್ಟ್ ಬೋರ್ಡು ಮತ್ತು 1988ರಲ್ಲಿ ಅದರ ಜಾಗಕ್ಕೆ ಬಂದ ನಗರಾಭಿವೃದ್ಧಿ ಪ್ರಾಧಿಕಾರ ಹಂಚಿದ ನಿವೇಶನಗಳಲ್ಲಿ ಮಧ್ಯಮವರ್ಗದವರ ಬಾಯಲ್ಲಿ ನಿಂತಿರುವ ಅಳತೆ ಮೂವತ್ತು ನಲವತ್ತು. ಅಂದರೆ 1,200 ಚದರ ಅಡಿ. ಸುತ್ತ ಬಿಡಬೇಕಾದ ಜಾಗ, ಗೋಡೆಗಳ ದಪ್ಪ, ಅಡುಗೆಮನೆ, ಮಲಗುವ ಕೋಣೆ, ದೇವರ ಮನೆ ಎಲ್ಲ ಕಳೆದು ಹಾಲಿಗೆ ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ ಸಿಕ್ಕಿತೆಂದು ಇಟ್ಟುಕೊಳ್ಳೋಣ. ನೆಲ 140 ಚದರ ಅಡಿ.

ಈಗ ಸಾಮಾನು ಜೋಡಿಸೋಣ. ದೊಡ್ಡ ಸೋಫಾ ಆರೂವರೆ ಅಡಿ ಉದ್ದ, ಮೂರು ಅಡಿ ಅಗಲ: 19.5 ಚದರ ಅಡಿ. ಒಂಟಿ ಸೋಫಾ ತಲಾ 9ರಂತೆ ಎರಡಕ್ಕೆ 18. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಟೀಪಾಯಿ 8. ಐದು ಅಡಿ ಉದ್ದ, ಒಂದೂವರೆ ಅಡಿ ಅಗಲದ ಟಿ.ವಿ. ಸ್ಟ್ಯಾಂಡು 7.5. ಒಟ್ಟು 53 ಚದರ ಅಡಿ. ನೆಲದ ಶೇ 38ರಷ್ಟು. ಇನ್ನೂ ಶೇ 62 ಖಾಲಿ ಇದೆಯಲ್ಲ ಎನಿಸಬಹುದು. ವಿಸ್ತೀರ್ಣದ ಲೆಕ್ಕ ಮೋಸ ಮಾಡುವುದು ಇಲ್ಲಿಯೇ. ನಾವು ನಡೆಯುವುದು ಚದರ ಅಡಿಗಳಲ್ಲಿ ಅಲ್ಲ, ದಾರಿಯಲ್ಲಿ.

ಅಗಲದ ಉದ್ದಕ್ಕೂ ಕೂಡಿಸಿ ನೋಡಿ. ಸೋಫಾ 3 ಅಡಿ, ಮೊಣಕಾಲು ಚಾಚಲು 1.5 ಅಡಿ, ಟೀಪಾಯಿ 2 ಅಡಿ, ಎದುರು ಗೋಡೆಗೆ ಟಿ.ವಿ. ಸ್ಟ್ಯಾಂಡು 1.5 ಅಡಿ. ಒಟ್ಟು 8 ಅಡಿ. ಹತ್ತರಲ್ಲಿ ಉಳಿದದ್ದು 2 ಅಡಿ, ಅಂದರೆ 61 ಸೆಂಟಿಮೀಟರ್. ಕೈಯಲ್ಲಿ ತಟ್ಟೆ ಹಿಡಿದವರು ಆರಾಮವಾಗಿ ನಡೆಯಲು ಎರಡೂವರೆಯಿಂದ ಮೂರು ಅಡಿ ಬೇಕು. ಅಮ್ಮ ಅಡ್ಡಡ್ಡ ನಡೆದದ್ದು ಇದಕ್ಕೆ. ಟೀಪಾಯಿಯ ಅಗಲ ಒಂದೂಕಾಲು ಅಡಿಗೆ ಇಳಿದಿದ್ದರೆ ದಾರಿ ಎರಡೂಮುಕ್ಕಾಲು ಅಡಿಯಾಗುತ್ತಿತ್ತು. ಬಾಗಿಲು ತೆರೆಯುವುದಕ್ಕೂ ಜಾಗ ಬೇಕು. ಮೂರು ಅಡಿಯ ಬಾಗಿಲ ಹಲಗೆ ನೆಲದ ಮೇಲೆ ಕಾಲು ವೃತ್ತ ಬರೆಯುತ್ತದೆ; ವಿಸ್ತೀರ್ಣ ಸುಮಾರು 7 ಚದರ ಅಡಿ. ಅಲ್ಲಿ ಏನನ್ನೂ ಇಡುವಂತಿಲ್ಲ.

ಬಾಗಿಲಲ್ಲಿ ಸೋಫಾ ಸಿಕ್ಕಿಕೊಂಡದ್ದಕ್ಕೂ ಕಾರಣ ಸರಳ. ‘ಮೂರಡಿ ಬಾಗಿಲು’ ಎಂದು ನಾವು ಹೇಳುವುದು ಎಷ್ಟೋ ಸಲ ಚೌಕಟ್ಟಿನ ಹೊರ ಅಳತೆ. ಎರಡು ಕಡೆಯ ಮರದ ದಪ್ಪ, ತೆರೆದು ನಿಂತ ಹಲಗೆಯ ದಪ್ಪ ಕಳೆದರೆ ಉಳಿಯುವುದು ಎರಡೂವರೆ ಅಡಿಯ ಆಸುಪಾಸು. ಅಳೆಯಬೇಕಾದದ್ದು ಅದನ್ನು. ಮಹಡಿ ಮನೆಯವರು ಮೆಟ್ಟಿಲಿನ ತಿರುವನ್ನೂ ಅಳೆಯಬೇಕು.

ಕೊಳ್ಳುವ ಮುಂಚೆ ಮಾಡಬಹುದಾದ ಪರೀಕ್ಷೆಗೆ ಖರ್ಚಿಲ್ಲ. ಒಂದು ಅಡಿಗೆ ಎರಡು ಸೆಂಟಿಮೀಟರಿನಂತೆ ಹಾಲಿನ ನಕ್ಷೆ ಬರೆದರೆ ಇಪ್ಪತ್ತು ಸೆಂ.ಮೀ. ಅಗಲ, ಇಪ್ಪತ್ತೆಂಟು ಸೆಂ.ಮೀ. ಉದ್ದ; ಒಂದು ಎ–4 ಹಾಳೆಯಲ್ಲಿ ಹಿಡಿಯುತ್ತದೆ. ಅದೇ ಪ್ರಮಾಣದಲ್ಲಿ ಸೋಫಾ, ಟೀಪಾಯಿಗಳನ್ನು ರಟ್ಟಿನಲ್ಲಿ ಕತ್ತರಿಸಿ ಸರಿಸಾಡಿ ನೋಡಬಹುದು. ಇನ್ನೂ ಒಳ್ಳೆಯದು, ಹಳೆಯ ಪತ್ರಿಕೆಗಳನ್ನು ನಿಜವಾದ ಅಳತೆಗೆ ಜೋಡಿಸಿ ನೆಲದ ಮೇಲೆ ಹಾಸುವುದು, ಅಥವಾ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯುವುದು. ಎರಡು ದಿನ ಆ ಗೆರೆ ತುಳಿಯದೆ ಮನೆಯವರೆಲ್ಲ ಓಡಾಡಲಿ. ಯಾರು ಎಷ್ಟು ಸಲ ತುಳಿದರು ಎಂದು ಎಣಿಸುವ ಕೆಲಸ ಮಕ್ಕಳದು.

ತಾತನ ಮೊಣಕಾಲು, ಮಗಳ ಬೆನ್ನು

ಕೋಣೆಗೆ ಒಪ್ಪಿದರೆ ಸಾಲದು, ಮೈಗೂ ಒಪ್ಪಬೇಕು. ಒಂದು ಪ್ರಯೋಗ ಮಾಡಿ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಪಾದಗಳನ್ನು ಮುಂದಕ್ಕೆ ಚಾಚಿ. ಮುಂದೆ ಬಾಗದೆ, ಪಾದ ಹಿಂದಕ್ಕೆ ಎಳೆಯದೆ, ಕೈ ಊರದೆ ಎದ್ದು ನಿಲ್ಲಿ. ಪೈಲ್ವಾನನಿಗೂ ಆಗುವುದಿಲ್ಲ. ಏಳಬೇಕಾದರೆ ದೇಹದ ಗುರುತ್ವಕೇಂದ್ರ ಪಾದಗಳ ಮೇಲಕ್ಕೆ ಬರಬೇಕು. ತಗ್ಗಾದ, ಆಳವಾದ ಸೋಫಾದಲ್ಲಿ ಕೂತವರ ಗುರುತ್ವಕೇಂದ್ರ ಪಾದಗಳಿಂದ ಬಹಳ ಹಿಂದೆ, ಕೆಳಗೆ ಇರುತ್ತದೆ. ಅಲ್ಲಿಂದ ಮೇಲೆತ್ತುವ ಭಾರವೆಲ್ಲ ತೊಡೆ ಮತ್ತು ಮೊಣಕಾಲಿನ ಮೇಲೆ. ಹದಿನೈದರ ಹುಡುಗನಿಗೆ ಇದು ತಿಳಿಯುವುದೇ ಇಲ್ಲ. ಎಪ್ಪತ್ತೈದರ ತಾತನಿಗೆ ದಿನಕ್ಕೆ ಹತ್ತು ಸಲ ತಿಳಿಯುತ್ತದೆ. ಕೊನೆಗೆ ಅವರು ಹಾಲಿಗೆ ಬರುವುದನ್ನೇ ಬಿಟ್ಟು ಕೋಣೆಯಲ್ಲಿ ಉಳಿಯುತ್ತಾರೆ. ‘ತಾತನಿಗೆ ಈಚೆಗೆ ಯಾರೊಂದಿಗೂ ಮಾತು ಬೇಡ’ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಬೇಡವಾದದ್ದು ಮಾತಲ್ಲ, ಸೋಫಾ.

ಪಾದ ನೆಲಕ್ಕೆ ಪೂರ್ತಿ ತಾಗಿ, ತೊಡೆ ನೆಲಕ್ಕೆ ಸಮಾಂತರವಾಗಿರುವಾಗ ನೆಲದಿಂದ ಮೊಣಕಾಲ ಹಿಂಬದಿಯ ಎತ್ತರ ಎಷ್ಟೋ ಅಷ್ಟೇ ಆಸನದ ಎತ್ತರ ಇರಬೇಕು. ದೊಡ್ಡವರಿಗೆ ಸಾಮಾನ್ಯವಾಗಿ 40ರಿಂದ 45 ಸೆಂ.ಮೀ. ಅಂಗಡಿಯವರು ಹೇಳುವ ಎತ್ತರ ಯಾರೂ ಕೂರದಿದ್ದಾಗಿನದು. ಮೆತ್ತನೆಯ ಫೋಮ್ ಕುಸಿದ ಮೇಲಿನ ಎತ್ತರವನ್ನು ಅಳೆಯಬೇಕು. ಬೆನ್ನು ಹಿಂದಕ್ಕೆ ಒರಗಿದಾಗ ಆಸನದ ಅಂಚಿಗೂ ಮೊಣಕಾಲ ಹಿಂಬದಿಗೂ ಮೂರು ಬೆರಳು ಹಿಡಿಯಬೇಕು. ಹಿಡಿಯದಿದ್ದರೆ ಆಸನ ಆಳವಾಯಿತು. ನಮ್ಮವರ ಮೈಕಟ್ಟಿನ ಅಳತೆಗಳನ್ನು ವಿದೇಶದ ಪಟ್ಟಿಗಳಿಂದ ಎರವಲು ತರಬೇಕಿಲ್ಲ. ದೇಬಕುಮಾರ್ ಚಕ್ರವರ್ತಿಯವರು ಸಿದ್ಧಪಡಿಸಿದ ಭಾರತೀಯರ ದೇಹದ ಅಳತೆಗಳ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿಯೇ ಪ್ರಕಟಿಸಿದೆ. ಆದರೆ ಒಂದು ಮನೆಗೆ ಅತ್ಯುತ್ತಮ ಪಟ್ಟಿ ಆ ಮನೆಯವರೇ. ಸೋಫಾ ನೋಡಲು ಹೋಗುವಾಗ ತಾತನನ್ನು ಕರೆದುಕೊಂಡು ಹೋಗಬೇಕು.

ಮಗಳ ವಿಷಯವೂ ಹಾಗೆಯೇ. ಜಾಗವಿಲ್ಲದೆ ಅವಳು ಟೀಪಾಯಿಯ ಮೇಲೆ ಬರೆಯತೊಡಗಿದಳೆನ್ನಿ. ಓದುವ ಮೇಜಿನ ಎತ್ತರ ಸುಮಾರು 75 ಸೆಂ.ಮೀ., ಟೀಪಾಯಿಯದು 40. ಸೋಫಾದ ತುದಿಯಲ್ಲಿ ಕೂತು ಬೆನ್ನು ಬಿಲ್ಲಿನಂತೆ ಬಾಗಿಸಿ ಪ್ರತಿದಿನ ಮೂರು ಗಂಟೆ ಬರೆದರೆ ಕುತ್ತಿಗೆ ನೋವು ಬಾರದೆ ಇರದು. ಟೀಪಾಯಿ ಬಳಸಲೇಬೇಕಾದರೆ ನೆಲದ ಮೇಲೆ ಕೂತು ಬರೆಯುವುದು ಮೇಲು.

ಅಂದಹಾಗೆ, ಟೀಪಾಯಿಗೂ ಟೀಗೂ ಸಂಬಂಧವಿಲ್ಲ. ಹಿಂದಿಯ ‘ತೀನ್’ ಎಂದರೆ ಮೂರು, ‘ಪಾಯಿ’ ಎಂದರೆ ಕಾಲಿನದು. ಮೂರು ಕಾಲಿನ ಮೇಜು. ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾದುಹೋಗುತ್ತದೆ ಎಂಬ ರೇಖಾಗಣಿತದ ಪಾಠ ಅದರಲ್ಲಿದೆ. ಉಬ್ಬುತಗ್ಗಿನ ನೆಲದಲ್ಲಿ ನಾಲ್ಕು ಕಾಲಿನ ಮೇಜು ಕುಂಟುತ್ತದೆ, ಮೂರು ಕಾಲಿನದು ಕುಂಟುವುದಿಲ್ಲ.

ಕನ್ನಡಿಯ ಸರದಿ

ಹಾಲು ಇಕ್ಕಟ್ಟಾಯಿತೆಂದು ಕಂಡಾಗ ಯಾರಾದರೊಬ್ಬರು ಹೇಳುವ ಪರಿಹಾರ ಒಂದಿದೆ: ‘ಗೋಡೆಗೆ ದೊಡ್ಡ ಕನ್ನಡಿ ಹಾಕಿಸಿ, ರೂಮು ಎರಡರಷ್ಟು ಕಾಣುತ್ತದೆ.’ ಮಾತು ಅರ್ಧ ನಿಜ. ಸಮತಲ ಕನ್ನಡಿಯಲ್ಲಿ ಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ ಮೂಡುವುದರಿಂದ ಹತ್ತು ಅಡಿಯ ಕೋಣೆಯ ಆಚೆ ಇನ್ನೂ ಹತ್ತು ಅಡಿ ಇರುವಂತೆ ಕಾಣುವುದು ಹೌದು. ಆದರೆ ಕನ್ನಡಿ ಎದುರಿಗಿರುವುದನ್ನೆಲ್ಲ ಎರಡು ಮಾಡುತ್ತದೆ. ಎದುರಿಗೆ ಕಿಟಕಿ, ಅದರಾಚೆ ಹೊಂಗೆ ಮರ ಇದ್ದರೆ ಎರಡು ಹೊಂಗೆ ಮರ. ಚಪ್ಪಲಿ ಸ್ಟ್ಯಾಂಡು ಇದ್ದರೆ ಎರಡು ಚಪ್ಪಲಿ ಸ್ಟ್ಯಾಂಡು. ಕಟಿಂಗ್ ಶಾಪಿನಲ್ಲಿ ಎದುರುಬದುರು ಕನ್ನಡಿಗಳ ನಡುವೆ ಕೂತವರಿಗೆ ಸಾಲುಸಾಲು ತಲೆಗಳು ಕಾಣುತ್ತವಷ್ಟೆ? ಪ್ರತಿ ಸಲ ಪ್ರತಿಫಲಿಸುವಾಗಲೂ ಒಂದಿಷ್ಟು ಬೆಳಕು ಕಳೆದುಹೋಗಿ ದೂರದ ತಲೆಗಳು ಮಸುಕಾಗುತ್ತವೆ, ಗಾಜಿನಲ್ಲಿರುವ ಕಬ್ಬಿಣದ ಅಂಶದಿಂದ ಹಸಿರಾಗುತ್ತವೆ. ಕನ್ನಡಿ ಬೆಳಕನ್ನು ಹುಟ್ಟಿಸುವುದಿಲ್ಲ, ದಿಕ್ಕು ಬದಲಿಸುತ್ತದೆ ಅಷ್ಟೆ. ಕತ್ತಲೆಯ ಮೂಲೆಗೆ ಎದುರಾಗಿ ಕನ್ನಡಿ ಹಾಕಿದರೆ ಸಿಗುವುದು ಇನ್ನೊಂದು ಕತ್ತಲೆಯ ಮೂಲೆ. ಪಶ್ಚಿಮದ ಕಿಟಕಿಗೆ ಎದುರಾಗಿ ಹಾಕಿದರೆ ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ.

ಎಷ್ಟು ದೊಡ್ಡ ಕನ್ನಡಿ ಬೇಕು? ಹತ್ತನೇ ತರಗತಿಯ ಬೆಳಕಿನ ಪಾಠ ಸಾಕು. ಪೂರ್ತಿ ಮೈ ಕಾಣಲು ಕನ್ನಡಿಯ ಉದ್ದ ನಮ್ಮ ಎತ್ತರದ ಅರ್ಧ ಇದ್ದರೆ ಆಯಿತು. ದೂರ ನಿಂತರೆ ಹೆಚ್ಚು ಕಾಣುತ್ತದೆ ಎಂಬುದು ತಪ್ಪು ಕಲ್ಪನೆ. ಕನ್ನಡಿಯ ಕೆಳ ಅಂಚು ಕಣ್ಣಿನ ಎತ್ತರದ ಅರ್ಧಕ್ಕೆ ಇರಬೇಕು. ಮೇಲಂಚು ಕಣ್ಣಿಗೂ ನೆತ್ತಿಗೂ ನಡುವೆ. 172 ಸೆಂ.ಮೀ. ಎತ್ತರದ ಅಪ್ಪನ ಕಣ್ಣು 162ರಲ್ಲಿದ್ದರೆ ಮೇಲಂಚು 167, ಕೆಳ ಅಂಚು 81. 120 ಸೆಂ.ಮೀ. ಎತ್ತರದ ಪುಟ್ಟ ತಮ್ಮನ ಕಣ್ಣು 110ರಲ್ಲಿದ್ದರೆ ಮೇಲಂಚು 115, ಕೆಳ ಅಂಚು 55. ಮನೆಯವರೆಲ್ಲರಿಗೂ ಆಗಬೇಕಾದರೆ 55ರಿಂದ 167ರವರೆಗೆ, ಅಂದರೆ 112 ಸೆಂ.ಮೀ. ಸಾಕು. ನೆಲದಿಂದ ಸೂರಿನವರೆಗೆ ಗಾಜು ಅಂಟಿಸಬೇಕಿಲ್ಲ.

ಅಗಲಕ್ಕೆ ಇಂಥದೇ ಎಂಬ ನಿಯಮವಿಲ್ಲ. ಉದ್ದ–ಅಗಲಗಳು 1.618ರ ‘ಚಿನ್ನದ ಪ್ರಮಾಣ’ದಲ್ಲಿದ್ದರೆ ಮಾತ್ರ ಸುಂದರ ಎಂದು ಕೆಲವರು ಹೇಳುವುದುಂಟು. ಜರ್ಮನಿಯ ಗುಸ್ತಾವ್ ಫೆಕ್ನರ್ ಹತ್ತು ಬಗೆಯ ಆಯತಗಳನ್ನು ಜನರ ಮುಂದಿಟ್ಟು ನಡೆಸಿದ ಪರೀಕ್ಷೆಯನ್ನು 1876ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಹೆಚ್ಚು ಜನ ಮೆಚ್ಚಿದ್ದು ಈ ಪ್ರಮಾಣದ ಆಯತವನ್ನೇ. ಆದರೆ ಮುಂದೆ ಬೇರೆಯವರು ನಡೆಸಿದ ಪರೀಕ್ಷೆಗಳಲ್ಲಿ ಫಲಿತಾಂಶ ಒಂದೇ ತೆರನಾಗಿ ಬರಲಿಲ್ಲ. ಕೆಳಗಿನ ಮೇಜಿನ ಅಗಲದ ಮೂರರಲ್ಲಿ ಎರಡು ಭಾಗದಷ್ಟು ಕನ್ನಡಿ ಇರಲಿ ಎಂಬುದು ಅಲಂಕಾರ ಮಾಡುವವರ ರೂಢಿ. ಅದು ವಿಜ್ಞಾನವಲ್ಲ, ಆದರೆ ಕೆಟ್ಟ ರೂಢಿಯೂ ಅಲ್ಲ.

ಕೊಳ್ಳುವಾಗ ಕನ್ನಡಿಯನ್ನು ಓರೆಯಾಗಿ ಹಿಡಿದು ಟ್ಯೂಬ್‌ಲೈಟಿನ ಅಥವಾ ಕಿಟಕಿ ಸರಳಿನ ಬಿಂಬ ನೋಡಿ. ತಲೆ ಆಡಿಸಿದಾಗ ಗೆರೆ ಹಾವಿನಂತೆ ಹರಿದರೆ ಗಾಜು ಸಮವಾಗಿಲ್ಲ. ಕನ್ನಡಿಯ ಬೆನ್ನಿಗಿರುವುದು ಬೆಳ್ಳಿಯ ತೆಳು ಲೇಪ. ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ 1835ರಲ್ಲಿ ತೋರಿಸಿದ ಈ ಕ್ರಿಯೆಯನ್ನೇ ಪಿ.ಯು.ಸಿ. ವಿದ್ಯಾರ್ಥಿಗಳು ಆಲ್ಡಿಹೈಡ್ ಪರೀಕ್ಷೆಯಲ್ಲಿ ಪ್ರನಾಳದ ಒಳಗೆ ಕಾಣುತ್ತಾರೆ. ತೇವ ತಗುಲಿದರೆ ಲೇಪದ ಅಂಚು ಕಪ್ಪಾಗುತ್ತದೆ. ಆದ್ದರಿಂದ ಬಚ್ಚಲಿನ ಹಿಂಬದಿಯ ಗೋಡೆ, ಮಳೆನೀರು ಇಳಿಯುವ ಗೋಡೆ ಕನ್ನಡಿಗೆ ಆಗದು.

ಬೀಳುವ ವಸ್ತುಗಳ ಮಾತು

ಇನ್ನುಳಿದದ್ದು ಅಂದಕ್ಕಿಂತ ಮುಖ್ಯವಾದ ವಿಷಯ. 112 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 4 ಮಿ.ಮೀ. ದಪ್ಪದ ಗಾಜಿನ ತೂಕ ಎಷ್ಟು? ಗಾಜಿನ ಸಾಂದ್ರತೆ ಘನ ಸೆಂ.ಮೀ.ಗೆ 2.5 ಗ್ರಾಂ, ಲೆಕ್ಕ ಮಾಡಿದರೆ ಸುಮಾರು 5 ಕಿಲೋ. ಚೌಕಟ್ಟು ಸೇರಿ 6 ಕಿಲೋ ಎನ್ನಿ. ಅದನ್ನು ತಂತಿ ಕಟ್ಟಿ ಒಂದೇ ಮೊಳೆಗೆ ತೂಗುಹಾಕಿದರೆ ತಂತಿಯ ಮೇಲಿನ ಎಳೆತ ಅದರ ಓರೆಯನ್ನು ಅವಲಂಬಿಸುತ್ತದೆ. ತಂತಿ ಅಡ್ಡಗೆರೆಗೆ 30 ಡಿಗ್ರಿ ಓರೆಯಾಗಿದ್ದರೆ ಪ್ರತಿ ಬದಿಯ ಎಳೆತ 6 ಕಿಲೋ ಭಾರದಷ್ಟು. ಅಂದ ಕೆಡುತ್ತದೆಂದು ತಂತಿಯನ್ನು ಬಿಗಿದು 10 ಡಿಗ್ರಿಗೆ ತಂದರೆ ಅದು 17 ಕಿಲೋಗೆ ಏರುತ್ತದೆ. ಸಣ್ಣ ಕೊಂಡಿ ಕಿತ್ತುಬರಲು ಇನ್ನೇನು ಬೇಕು? ಗೋಡೆಗೆ ರಂಧ್ರ ಕೊರೆದು, ಪ್ಲಗ್ಗು ಕೂರಿಸಿ, ಎರಡು ಕಡೆ ಸ್ಕ್ರೂ ಹಾಕುವುದು ಕ್ಷೇಮ. ಸೋಫಾದಲ್ಲಿ ಕೂತವರ ತಲೆಯ ಮೇಲೆ ಭಾರದ ಕನ್ನಡಿ ಬೇಡವೇ ಬೇಡ.

ಪುಸ್ತಕದ ಕಪಾಟನ್ನೂ ನೋಡಿ. ಆರು ಅಡಿ ಎತ್ತರ, ಒಂದೇ ಅಡಿ ಅಗಲ. ಜಾಗ ಉಳಿಸುವ ಕಪಾಟೆಂದು ಎಲ್ಲರಿಗೂ ಇಷ್ಟ. ಭಾರ ಸಮನಾಗಿ ಹರಡಿದ್ದರೆ ಗುರುತ್ವಕೇಂದ್ರ ಮೂರು ಅಡಿ ಎತ್ತರದಲ್ಲಿರುತ್ತದೆ. ಒಂಬತ್ತೂವರೆ ಡಿಗ್ರಿ ವಾಲಿದರೆ ಸಾಕು, ಉರುಳುತ್ತದೆ. ದಪ್ಪ ಪುಸ್ತಕಗಳನ್ನೆಲ್ಲ ಕೆಳಗಿಟ್ಟು ಗುರುತ್ವಕೇಂದ್ರವನ್ನು ಎರಡು ಅಡಿಗೆ ಇಳಿಸಿದರೆ ಹದಿನಾಲ್ಕು ಡಿಗ್ರಿಯವರೆಗೆ ತಡೆಯುತ್ತದೆ. ಮೂರು ವರ್ಷದ ಮಗು ಅದನ್ನು ಏಣಿ ಎಂದುಕೊಂಡು ಹತ್ತಿದರೆ ಈ ಡಿಗ್ರಿಗಳ ಲೆಕ್ಕ ಕ್ಷಣದಲ್ಲಿ ಮುಗಿಯುತ್ತದೆ. ಬಟ್ಟೆ ಇಡುವ ಡ್ರಾಯರ್ ಪೆಟ್ಟಿಗೆಗಳು ಉರುಳಿ ಮಕ್ಕಳು ಸತ್ತದ್ದರಿಂದಲೇ ಅಮೆರಿಕದಲ್ಲಿ 2022ರಲ್ಲಿ ಅವುಗಳ ಸ್ಥಿರತೆಗೆ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಕಾನೂನಿಗೆ ಕಾಯಬೇಕಿಲ್ಲ. ಕಪಾಟಿನ ಮೇಲ್ಭಾಗವನ್ನು ಗೋಡೆಗೆ ಬಿಗಿಯುವ ಎರಡು ಎಲ್ ಆಕಾರದ ಪಟ್ಟಿಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ.

ಖಾಲಿ ಜಾಗವೂ ಸಾಮಾನೇ

ಹಳೆಯ ಮೈಸೂರಿನ ತೊಟ್ಟಿ ಮನೆಗಳಲ್ಲಿ ಎಷ್ಟು ಸಾಮಾನಿತ್ತು? ಜಗಲಿ, ಚಾಪೆ, ಮಣೆ, ಒರಗುದಿಂಬು, ಹೆಚ್ಚೆಂದರೆ ತೂಗುಮಣೆ. ಬೆಳಿಗ್ಗೆ ಪಾಠದ ಜಾಗ, ಮಧ್ಯಾಹ್ನ ಊಟದ ಜಾಗ, ರಾತ್ರಿ ಮಲಗುವ ಜಾಗ, ನವರಾತ್ರಿಯಲ್ಲಿ ಬೊಂಬೆಗಳ ಜಾಗ, ಎಲ್ಲವೂ ಒಂದೇ ನಡುಮನೆ. ಸುತ್ತಿಟ್ಟ ಚಾಪೆ ಗೋಡೆಗೆ ಒರಗುತ್ತಿತ್ತು, ನೆಲ ಮತ್ತೆ ಮನೆಯವರದಾಗುತ್ತಿತ್ತು. ಬಡತನವೊಂದೇ ಇದಕ್ಕೆ ಕಾರಣವಲ್ಲ. ಬೀಟೆ ಮರದ ಕುಸುರಿ ಕೆಲಸಕ್ಕೆ ಹೆಸರಾದ ಊರು ಇದು. ಒಂದು ಒಳ್ಳೆಯ ಪೆಟ್ಟಿಗೆಯೋ ಪುಟ್ಟ ಮೇಜೋ ಇದ್ದ ಮನೆಗಳಲ್ಲೂ ಅದರ ಸುತ್ತ ಜಾಗ ಬಿಡುವುದು ಗೊತ್ತಿತ್ತು.

ನಮ್ಮ ಲೆಕ್ಕದ ಆ ಮನೆಗೆ ಮರಳೋಣ. ಕೊಂಡ ಸೋಫಾ ಹಿಂದಕ್ಕೆ ಹೋಗುವುದಿಲ್ಲ. ಆದರೂ ಮಾಡಬಹುದಾದದ್ದು ಇದೆ. ಒಂಟಿ ಸೋಫಾಗಳಲ್ಲಿ ಒಂದನ್ನು ಮಲಗುವ ಕೋಣೆಗೆ ಸಾಗಿಸಿ ಆ ಜಾಗದಲ್ಲಿ ಕೈಗಳಿರುವ, 43 ಸೆಂ.ಮೀ. ಎತ್ತರದ ಗಟ್ಟಿ ಕುರ್ಚಿಯೊಂದನ್ನು ತಾತನಿಗೆ ಹಾಕಬಹುದು. ಟೀಪಾಯಿಯನ್ನು ಮೂಲೆಗೆ ಸರಿಸಿದರೆ ಚಾಪೆ ಹಾಸುವ ಎಂಟು ಚದರ ಅಡಿ ಮಗಳಿಗೆ ಮತ್ತೆ ಸಿಗುತ್ತದೆ. ಕನ್ನಡಿಯ ಮಾತು ಬಂದಾಗ ಟೇಪು ಹಿಡಿದು ಅಪ್ಪನ ಕಣ್ಣಿನ ಎತ್ತರ, ತಮ್ಮನ ಕಣ್ಣಿನ ಎತ್ತರ ಗುರುತು ಮಾಡುವ ಕೆಲಸವನ್ನು ಅವಳಿಗೇ ವಹಿಸಬಹುದು. ಬೆಳಕಿನ ಪಾಠದಲ್ಲಿ ಬರುವ ಆ ‘ಅರ್ಧ ಎತ್ತರ’ದ ಪ್ರಶ್ನೆಯನ್ನು ಅವಳು ಮುಂದೆಂದೂ ಮರೆಯುವುದಿಲ್ಲ.

ಸಂಜೆ ತಾತ ತಾವಾಗಿಯೇ ಎದ್ದು ಬಾಗಿಲವರೆಗೆ ಹೋಗಿ ಬಂದರೆ ಆ ಹಾಲಿನ ಅಳತೆ ಸರಿಯಾಯಿತೆಂದು ತಿಳಿಯಬಹುದು.